ಮೂರನೇ ಟ್ರ್ಯಾಕು

ಗೋಡೆಗೆ ಅಂಟಿಸಿದ್ದ ಮೊಟ್ಟೆ ಟ್ರೇಗಳ ಗುಳಿಗಳಲ್ಲಿ ಒಣಗಿಹೋಗಿದ್ದ ಹಳದಿಯನ್ನು ಕವಿತ ತೆಂಗಿನಕಡ್ಡಿಯಿಂದ ಕೆರೆಯುತ್ತಿದ್ದಳು. ಸದ್ದು ಮಾಡುವಂತಿರಲಿಲ್ಲ. ಬಾಗಿಲ ಮೇಲಿನ ಕೆಂಪು ಬಲ್ಬು ಉರಿಯುತ್ತಿತ್ತು. ಕೆರೆದ ಪುಡಿ ನೆಲಕ್ಕೆ ಬೀಳದಂತೆ ಎಡಗೈ ಒಡ್ಡಿ, ಅಂಗೈ ತುಂಬಿದಾಗ ಅದನ್ನು ವೇಲಿನ ತುದಿಗೆ ಸುರಿದುಕೊಳ್ಳುತ್ತಿದ್ದಳು. ಒಂದು ಗುಳಿ ಮುಗಿದರೆ ಇನ್ನೊಂದು. ಇರುವೆಗಳು ಅವಳ ಮಣಿಕಟ್ಟು ಹತ್ತಿ ಮೊಣಕೈವರೆಗೂ ಹೋಗಿ, ಏನೂ ಸಿಗದೆ ವಾಪಸು ಬರುತ್ತಿದ್ದವು.

ಗಾಜಿನ ಆಚೆ ಶೃತಿ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಈಚೆ, ಕಂಪ್ಯೂಟರಿನ ಮುಂದೆ, ಚನ್ನಬಸವ ಕೂತಿದ್ದ. ಅವನ ಹಿಂದೆ ಶಾಂತಮೂರ್ತಿ ಎರಡೂ ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ಆಡಿಸುತ್ತ ನಿಂತಿದ್ದ, ಹಾಡು ಅವನ ಬೆರಳಿನಿಂದಲೇ ಹೊರಡುತ್ತಿದೆಯೇನೋ ಅನ್ನುವಂತೆ. ಬೆಳಗ್ಗೆಯಿಂದ ಅದೇ ಎರಡು ಸಾಲು. ಒಂಬತ್ತನೆಯ ಸಲ.

ಕೊಳ್ಳೇಗಾಲದಲ್ಲಿ ಹನೂರಿನ ಕಡೆ ಹೋಗುವ ರಸ್ತೆಯಲ್ಲಿ ಶಾಂತಮೂರ್ತಿಯ ಅಪ್ಪನ ಪಂಪ್‌ಸೆಟ್ಟು, ಡ್ರಿಪ್ ಪೈಪುಗಳ ಅಂಗಡಿ. ಅದರ ಮೇಲಿನ ಗೋಡೌನು ಹೋದ ವರ್ಷ ಸ್ಟುಡಿಯೋ ಆಗಿತ್ತು. ಸದ್ದು ಹೊರಗೆ ಹೋಗದ ಹಾಗೆ ಮಾಡಲು ಮೊಟ್ಟೆ ಟ್ರೇ ಅಂಟಿಸಿದರೆ ಸಾಕೆಂದು ಯಾವುದೋ ವಿಡಿಯೋ ನೋಡಿದ ಶಾಂತಮೂರ್ತಿ, ಮೊಟ್ಟೆ ಮಂಡಿಯಿಂದ ಇನ್ನೂರು ಟ್ರೇ ತರಿಸಿದ. ಬಳಸಿ ಬಿಸಾಡಿದ ಟ್ರೇಗಳು. ಅವುಗಳ ಜೊತೆ ಒಡೆದ ಮೊಟ್ಟೆಯ ಹಳದಿ ಬಂತು, ಹಳದಿಯ ಹಿಂದೆ ಇರುವೆ, ಇರುವೆಯ ಹಿಂದೆ ಹಲ್ಲಿ. ಒಂದು ಹಾಡಿನ ನಡುವೆ ಹಲ್ಲಿ ಲೊಚಗುಟ್ಟಿದ್ದು ರೆಕಾರ್ಡ್ ಆಯಿತು. ಚನ್ನಬಸವ ತೆಗೆಯಲು ಹೋದರೆ ಶಾಂತಮೂರ್ತಿ ಅವನ ಕೈ ಹಿಡಿದು, “ಇರ್ಲಿ ಬುಡು ಲೇ, ನೇಚರ್ರು,” ಅಂದ. ಹಾಗೆ ಹಲ್ಲಿಯೂ ಕಲಾವಿದೆಯಾಯಿತು.

ಊರ ಹತ್ತಿರದ ಗುಂಡಾಲ್ ಅಣೆಕಟ್ಟಿನ ಹೆಸರು ಹಿಡಿದು ತಂಡಕ್ಕೆ ಗುಂಡಾಲ್ ಪ್ರಾಜೆಕ್ಟ್ ಅಂತ ಹೆಸರಿಟ್ಟಿದ್ದರು. ರಸ್ತೆಗೆ ಕಾಣುವಂತೆ ಬೋರ್ಡು ಹಾಕಿದ ಮೇಲೆ, ಪೈಪು ಕೊಳ್ಳಲು ಬಂದ ರೈತರು ಮೆಟ್ಟಿಲು ಹತ್ತಿ ಮೇಲೆ ಬಂದು, “ಡ್ಯಾಮಿಂದ ನೀರ್ ಯಾವಾಗ ಬುಡ್ತೀರಿ ಸಾ?” ಎಂದು ಕೇಳತೊಡಗಿದರು. ಶಾಂತಮೂರ್ತಿ ಅದನ್ನು ಮೈಸೂರಿನ ಗೆಳೆಯರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಆ ಮಹಡಿಯ ಮೇಲೆ ಯಾರಾದರೂ ಕೇಳಿದ ಅರ್ಥವಿರುವ ಪ್ರಶ್ನೆ ಅಂದರೆ ಅದೊಂದೇ ಎಂದು ಕವಿತಳಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಕೆಳಗೆ ಅಂಗಡಿ ಗುಡಿಸುವುದು, ಮೇಲೆ ಟೀ ಒಯ್ಯುವುದು, ಸೋಮವಾರ ಸೋಮವಾರ ಇರುವೆ ಬಿಡಿಸುವುದು ಅವಳ ಕೆಲಸ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ಮಧುವನಹಳ್ಳಿಯ ಚಿಕ್ಕಪ್ಪನ ಮನೆಯಿಂದ ದಿನಾ ಆಟೋದಲ್ಲಿ ಬಂದುಹೋಗುತ್ತಿದ್ದಳು.

ಹೋದ ಸಲ ಇವರು ಬಿಟ್ಟ ಹಾಡಿಗೆ ಹಿಂದಿನಿಂದ ‘ಓ’ ಅನ್ನಲು ಯಾರೂ ಸಿಗದೆ ಅವಳನ್ನು ನಿಲ್ಲಿಸಿದ್ದರು. ಓ ಅಂದಿದ್ದಳು. ಕೊನೆಯಲ್ಲಿ ಹೆಸರುಗಳು ಬರುವಾಗ ಅವಳು ಉಸಿರು ಹಿಡಿದು ನೋಡಿದಳು. ‘ಟೀ ಮತ್ತು ಪ್ರೀತಿ: ಕವಿತಕ್ಕ’ ಅಂತ ಬಂತು. ಶಾಂತಮೂರ್ತಿಗೆ ಅವಳಿಗಿಂತ ಎಂಟು ವರ್ಷ ಹೆಚ್ಚು ವಯಸ್ಸು.

ಕೆಂಪು ಬಲ್ಬು ಆರಿತು. ಶೃತಿ ಹೊರಗೆ ಬಂದು ಬಿಸಿನೀರು ಕೇಳಿದಳು. ಮೈಸೂರಿನಲ್ಲಿ ಮೂರು ವರ್ಷ ಸಂಗೀತ ಕಲಿತವಳು ಅವಳು. ಅದನ್ನು ಬಿಸಿನೀರು ಕೇಳುವುದರಲ್ಲಿಯೂ ತೋರಿಸುತ್ತಿದ್ದಳು.

“ಯಳಂದೂರಿನೋರ ಆಲ್ಬಮ್ ಕೇಳ್ದಾ?” ಅಂದ ಚನ್ನಬಸವ. “ಹನ್ನೊಂದು ಹಾಡು. ಬೆಟ್ಟದ ಮೇಲ್ಕ್ ಓಗಿ ಬಿದಿರು ಬಡ್ಕಂಡು ರೆಕಾರ್ಡ್ ಮಾಡವ್ರೆ. ಯಾವ್ದೋ ವೆಬ್‌ಸೈಟಲ್ಲಿ ಬರ್ದವ್ರೆ, ಗಡಿನಾಡಿನ ಹೊಸ ದನಿ ಅಂತ.”

“ದನಿ!” ಶಾಂತಮೂರ್ತಿ ತುಟಿ ಕೊಂಕಿಸಿದ. “ಪೆಟ್ರೋಲ್ ಬಂಕ್ ಇಟ್ಕಂಡಿರೋರ್ ಮಕ್ಳು ಕಣ್ಲಾ ಅವ್ರು. ಬಿದಿರಂತೆ ಬಿದಿರು. ಅವ್ರಪ್ಪಂದ್ರು ಏಣಿ ಮಾಡ್ಸಿದ್ದ ಬಿದಿರು.”

“ಆದ್ರೂ ಫೀಲ್ ಐತೆ ಲೇ.”

ಶಾಂತಮೂರ್ತಿ ಅವನ ಕುರ್ಚಿಯನ್ನು ತನ್ನ ಕಡೆ ತಿರುಗಿಸಿದ. “ಅವ್ರಿಗ್ ಬಿದಿರಾದ್ರೆ, ನಮಗೆ ಆಡೋಕೆ ಒಂದು ಒರಿಜಿನಲ್ ಅಜ್ಜಿ ಬೇಕು,” ಅಂದ.

“ನಿಮ್ಮಜ್ಜಿ ಐತಲ್ಲ?”

“ನಮ್ಮಜ್ಜಿ ಸೀರಿಯಲ್ ನೋಡ್ತದೆ. ಅಜ್ಜಿ ಅಂದ್ರೆ ಮಕದಲ್ಲಿ ಗೆರೆ ಇರ್ಬೇಕು ಕಣ್ಲಾ. ಬಾಯಲ್ಲಿ ಹಲ್ಲಿರ್ಬಾರ್ದು. ಕಾಡ್ ವಾಸ್ನೆ ಬರ್ಬೇಕು.”

“ತಾಳ ತಪ್ಪತ್ತೆ ಅವರಿಗೆಲ್ಲ,” ಅಂದಳು ಶೃತಿ, ಬಿಸಿನೀರು ಗುಟುಕರಿಸುತ್ತ.

“ತಪ್ಪಿದ್ರೇನೇ ಚಂದ.”

ಕವಿತ ಕಡ್ಡಿ ಕೆಳಗಿಟ್ಟಳು. “ನಮ್ಮಜ್ಜಿ ಆಡ್ತದೆ ಸಾ,” ಅಂದಳು.

ಮೂವರೂ ತಿರುಗಿದರು. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಪಂಪುಗಳಲ್ಲೊಂದು ಬಾಯಿಬಿಟ್ಟಿದ್ದರೂ ಅವರು ಅಷ್ಟೇ ಬೆರಗಾಗುತ್ತಿದ್ದರು.

“ಏನಾಡ್ತದೆ? ಸೋಬಾನೆನಾ?”

“ಅಲ್ಲ ಸಾ. ಸತ್ತೋರ್ ಮನೇಲಿ ಆಡ್ಕಂಡು ಅಳ್ತದೆ. ಅಜ್ಜೀಪುರದಲ್ಲಿ. ಸುತ್ತಿನ ಊರೋರೆಲ್ಲ ಕರ್ಕಂಡ್ ಓಯ್ತರೆ.”

ಶಾಂತಮೂರ್ತಿ ಕತ್ತಿಗೆ ನೇತುಹಾಕಿಕೊಂಡಿದ್ದ ಹೆಡ್‌ಫೋನನ್ನು ನಿಧಾನವಾಗಿ ತೆಗೆದ, ಗುಡಿಯ ಮುಂದೆ ಚಪ್ಪಲಿ ಬಿಡುವವನ ಹಾಗೆ. “ಡೆತ್ ಸಾಂಗು,” ಅಂದ. ಮತ್ತೆ ಚನ್ನಬಸವನ ಕಡೆ ನೋಡಿ, “ಯಳಂದೂರಿನೋರು ಸತ್ರು ಕಣ್ಲಾ,” ಅಂದ.

ಆಮೇಲೆ ಕವಿತಳನ್ನು, ಬಹುಶಃ ಮೊದಲ ಸಲ, ಪೂರ್ತಿಯಾಗಿ ನೋಡಿದ. “ನೀನು ಕರ್ಕಂಡು ಬಾ. ಐದನೇ ಟ್ರ್ಯಾಕಲ್ಲಿ ನಿಂಗೂ ನಾಲ್ಕು ಲೈನ್ ಕೊಡ್ತೀನಿ. ಓ ಅಲ್ಲ, ಮಾತಿರೋ ಲೈನು.”

ನಾಲ್ಕು ಸಾಲು ಯಾವುದೆಂದು ಕವಿತಳಿಗೆ ಗೊತ್ತಿತ್ತು. ‘ಬೂದಿಯೊಳಗೆ ಬೇರಿದೆ, ಬೇರಿನೊಳಗೆ ಬೆಂಕಿಯಿದೆ’ ಎಂದು ಶುರುವಾಗುತ್ತಿದ್ದವು. ಆಲ್ಬಮ್ಮಿಗೂ ‘ಬೂದಿಯ ಬೇರು’ ಅಂತಲೇ ಹೆಸರು. ದಿನಾ ಒಲೆ ಬೂದಿ ಬಳಿದವಳಿಗೆ ಅದರಲ್ಲಿ ಯಾವ ಬೇರೂ ಕಂಡಿರಲಿಲ್ಲ. ಆದರೂ ಆ ಸಂಜೆ ಆಟೋದಲ್ಲಿ ಕೂತು ಮಧುವನಹಳ್ಳಿಯವರೆಗೂ ಅವಳು ಅದನ್ನೇ ತುಟಿಯೊಳಗೆ ಹಾಡಿಕೊಂಡಳು. ಚೆನ್ನಾಗಿಯೇ ಹಾಡಿಕೊಂಡಳು.

*

ಭಾನುವಾರ ಅವಳು ಅಜ್ಜೀಪುರಕ್ಕೆ ಹೋದಾಗ ಅಜ್ಜಿ ಕೆಂಪಾಜಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮೊಮ್ಮಗಳನ್ನು ನೋಡಿ ಮೊದಲು ಸಂತೋಷಪಟ್ಟು, ಆಮೇಲೆ ಅನುಮಾನಪಟ್ಟಳು.

“ಯಾರವ್ವ ಸತ್ತೋರು?” ಅಂದಳು, ವಿಷಯ ಕೇಳಿದ ಮೇಲೆ.

“ಯಾರೂ ಸತ್ತಿಲ್ಲ ಕಣಜ್ಜಿ.”

“ಮತ್ಯಾಕ ಅಳ್ಲಿ? ನಂಗೇನ್ ತಿಕ್ಲಾ?”

“ರೆಕಾಡ್ ಮಾಡ್ಕತರಂತೆ. ಮೊಬೈಲ್ನಲ್ಲಿ ಬತ್ತದಂತೆ. ಎಲ್ಲಾರೂ ಕೇಳ್ತರಂತೆ.”

“ಎಲ್ಲಾರ್ ಮನೇಲೂ ಸತ್ತವ್ರಾ?”

ಕವಿತ ಹುಣಸೆ ನಾರು ಬಿಡಿಸತೊಡಗಿದಳು. ಕೆಂಪಾಜಮ್ಮ ನಾಲ್ಕು ಬೀಜ ತೆಗೆದು ಮೊರಕ್ಕೆ ಎಸೆದಳು. “ನಿಂಗೇನ್ ಕೊಟ್ಟರು?”

“ನಂಗೂ ನಾಲ್ಕು ಲೈನ್ ಆಡಕ್ ಬುಡ್ತರಂತೆ.”

“ನೀನ್ ಆಡ್ತಿಯಾ?”

“ಊಂ.”

“ಎಲ್ಲಿ, ಆಡು ಮತ್ತ.”

ಕವಿತ ಅತ್ತಿತ್ತ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಕೆಂಪಾಜಮ್ಮ ಇದ್ದ ಮೂರು ಹಲ್ಲು ತೋರಿಸಿ ನಕ್ಕಳು. “ಇವ್ಳ್ ನೋಡು! ನಾಟಿಕೋಳಿ ಮೊಟ್ಟೆ ಇಕ್ಕಕ್ಕೆ ಜಾಗ ಉಡುಕ್ದಂಗ ಉಡುಕ್ತಳೆ. ನನ್ ಮುಂದ ಆಡಕ್ಕಿಲ್ಲ, ಆ ಪೈಪ್ ಮಾರೋನ್ ಮುಂದ ಆಡ್ತಳಂತೆ.”

ಆದರೆ ಅವಳು ಆಗಲೇ ಒಪ್ಪಿಬಿಟ್ಟಿದ್ದಳು. ಈ ಹುಡುಗಿ ಬಾಯಿಬಿಟ್ಟು ಏನನ್ನಾದರೂ ಬೇಕು ಅಂದದ್ದು ಅವಳಿಗೆ ನೆನಪಿರಲಿಲ್ಲ. ಮೊರ ಪಕ್ಕಕ್ಕೆ ಸರಿಸಿ ಲೆಕ್ಕಾಚಾರಕ್ಕೆ ಕೂತಳು. ಹಾಡಿಗೆ ಹೆಸರು ಬೇಕು. ಸತ್ತವರನ್ನು ಹೆಸರು ಹಿಡಿದೇ ಕರೆಯಬೇಕು. ಬದುಕಿರುವವರ ಹೆಸರು ತೆಗೆದುಕೊಳ್ಳುವಂತಿಲ್ಲ. ಬೇರೆ ಮನೆಯ ಸತ್ತವರ ಹೆಸರನ್ನು ಅವರ ಮನೆಯವರನ್ನು ಕೇಳದೆ ಎತ್ತುವಂತಿಲ್ಲ.

“ನಿಮ್ಮವ್ವಂದೇ ತಕತೀನಿ,” ಅಂದಳು ಕೊನೆಗೆ. “ಕುಸುಮಿ ನನ್ ಮಗ್ಳು. ನನ್ನ ಯಾರ್ ಕೇಳರು? ಆದ್ರ ಒಂದ್ ಮಾತು ಕಣವ್ವ. ನೀನ್ ನನ್ ಪಕ್ಕದಲ್ಲೇ ಇರ್ಬೇಕು. ನೀನೇ ಅನ್ಬೇಕು ಸಾಕು ಅಂತ. ಅವ್ರ್ಯಾರ್ ಅಂದ್ರೂ ಆಗಕ್ಕಿಲ್ಲ.”

“ಇರ್ತೀನಿ ಅಜ್ಜಿ.”

ಅದನ್ನು ಕವಿತಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಹಾಡಿಗೆ ಕೊನೆ ಇಲ್ಲ. ಹಾಡುವವಳು ತಾನಾಗಿ ನಿಲ್ಲಿಸುವ ಹಾಗಿಲ್ಲ. ಇನ್ನೊಂದು ಮನೆಯ ದುಃಖ ಎಷ್ಟಕ್ಕೆ ಮುಗಿಯಬೇಕೆಂದು ತೀರ್ಮಾನಿಸಲು ಅವಳ್ಯಾರು? ಸತ್ತವರ ಮನೆಯವರೊಬ್ಬರು ಬಂದು ಭುಜದ ಮೇಲೆ ಕೈಯಿಟ್ಟು, ಸಾಕು ಬುಡವ್ವ ಅನ್ನಬೇಕು. ಆಮೇಲೆ ಬಾಯಿ ಮುಕ್ಕಳಿಸಲು ನೀರು ಕೊಡಬೇಕು. ಅಲ್ಲಿಯವರೆಗೆ ಹಾಡುತ್ತಲೇ ಇರಬೇಕು. ಅವ್ವ ಸತ್ತ ದಿನ ಮಧುವನಹಳ್ಳಿಯ ಮನೆಯಲ್ಲಿ ಕೆಂಪಾಜಮ್ಮ ತನ್ನ ಮಗಳಿಗೇ ಹಾಡಬೇಕಾಗಿ ಬಂದಾಗ, ಹದಿನಾಲ್ಕು ವರ್ಷದ ಕವಿತಳನ್ನು ಚಿಕ್ಕಮ್ಮ ಹಿಂದಿನಿಂದ ನೂಕಿದ್ದಳು: ಓಗು, ನೀನೇ ಅನ್ನು. ಕವಿತ ಹೋಗಿ ಅಜ್ಜಿಯ ಭುಜ ಮುಟ್ಟಿದ್ದಳು. ಹಾಡು ನಿಂತಿತ್ತು. ತನ್ನ ಮಾತಿಗೆ ಯಾವುದಾದರೂ ನಿಂತದ್ದು ಅವಳ ಬದುಕಿನಲ್ಲಿ ಅದೊಂದೇ ಸಲ.

*

ಬುಧವಾರ ಬೆಳಗ್ಗೆ ಹತ್ತೂವರೆಗೆ ಕೆಂಪಾಜಮ್ಮ ಹನೂರು ಬಸ್ಸಿನಿಂದ ಇಳಿದಳು. ನೇರಳೆ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು, ಬಾಯಿ ತುಂಬ ಎಲೆ ಅಡಿಕೆ. ಶಾಂತಮೂರ್ತಿಯ ಮುಖ ಸ್ವಲ್ಪ ಸಣ್ಣದಾಯಿತು. “ಒಸಿ ಅಳೇ ಸೀರೆ ಇರ್ಲಿಲ್ವಾ?” ಎಂದು ಕವಿತಳ ಕಿವಿಯಲ್ಲಿ ಕೇಳಿದ. ಶೃತಿ ಮುದುಕಿಯ ಕಾಲಿಗೆ ಬಿದ್ದಳು. ಬಿದ್ದದ್ದು ವಿಡಿಯೋದಲ್ಲಿ ಸರಿಯಾಗಿ ಬರಲಿಲ್ಲವೆಂದು ಇನ್ನೊಂದು ಸಲ ಬಿದ್ದಳು.

“ಸಾಕೇಳವ್ವ, ಸೊಂಟ ಇಡ್ಕತದೆ,” ಅಂದಳು ಕೆಂಪಾಜಮ್ಮ.

ಒಳಗೆ ಎಸಿ ಕೊರೆಯುತ್ತಿತ್ತು. ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಅವಳು ಇಳಿದು ನೆಲದ ಮೇಲೆ ಕೂತಳು. ಮೈಕನ್ನು ನೆಲದ ಮಟ್ಟಕ್ಕೆ ಇಳಿಸಲು ಚನ್ನಬಸವನಿಗೆ ಹತ್ತು ನಿಮಿಷ ಬೇಕಾಯಿತು. ಹೆಡ್‌ಫೋನು ಹಾಕಿದರೆ ಕಿತ್ತು ಕೈಗೆ ಕೊಟ್ಟಳು. “ಕಿವಿ ಒಳಗ ಯಾರೋ ನಿಂತ್ಕಂಡಂಗ ಆಯ್ತದೆ.” ಗೋಡೆಯ ಟ್ರೇಗಳನ್ನು ಸುತ್ತಲೂ ನೋಡಿ, “ಇಷ್ಟೊಂದ್ ಮೊಟ್ಟೆ ಯಾರಪ್ಪ ತಿಂದೋರು?” ಅಂದಳು. ಯಾರೂ ನಗಲಿಲ್ಲ. ಅವರಿಗೆ ನಗಿಸುವ ಅಜ್ಜಿ ಬೇಕಾಗಿರಲಿಲ್ಲ.

“ಎಲ್ಲಾ ಈಚೆ ಬನ್ನಿ,” ಅಂದ ಶಾಂತಮೂರ್ತಿ.

ಕವಿತ ಅಜ್ಜಿಯ ಪಕ್ಕದಲ್ಲೇ ನಿಂತಿದ್ದಳು. “ಸಾ, ನಾನಿಲ್ಲೇ...”

“ಏ, ಉಸಿರಾಡದೂ ಬೀಳ್ತದೆ ಕಣೇ ಮೈಕಿಗೆ. ಬಾ ಈಚೆ.”

“ಅಲ್ಲ ಸಾ, ಅದು...”

“ಗಾಜಿಂದ ಕಾಣ್ತದಲ್ಲ. ಬಾ ಬಾ, ಟೈಮಿಲ್ಲ.”

ಕೆಂಪಾಜಮ್ಮ ಮೊಮ್ಮಗಳ ಮುಖ ನೋಡಿದಳು. ಕವಿತ ಗಾಜಿನ ಕಡೆ ಕೈ ತೋರಿಸಿದಳು: ಅಲ್ಲೇ ಇರ್ತೀನಿ. ಬಾಗಿಲು ಮುಚ್ಚಿತು. ಈಚೆಯ ಕೋಣೆಯ ಲೈಟನ್ನು ಶಾಂತಮೂರ್ತಿ ಆರಿಸಿದ. ಅವನಿಗೆ ಮೂಡು ಬೇಕಾಗಿತ್ತು. ಈಚೆ ಕತ್ತಲಾದರೆ ಒಳಗಿರುವವರಿಗೆ ಗಾಜು ಕನ್ನಡಿಯಾಗುತ್ತದೆ ಅನ್ನುವುದು, ಆ ಗಾಜನ್ನು ವಾರಕ್ಕೆರಡು ಸಲ ಎರಡೂ ಕಡೆಯಿಂದ ಒರೆಸುತ್ತಿದ್ದ ಕವಿತಳಿಗೆ ಗೊತ್ತಿತ್ತು. ಕೆಂಪು ಬಲ್ಬು ಹೊತ್ತಿತು.

ಕೆಂಪಾಜಮ್ಮ ಸೆರಗು ತಲೆಗೆ ಎಳೆದುಕೊಂಡಳು. ಎದುರಿಗೆ ಯಾರೋ ಮಲಗಿದ್ದಾರೆ ಅನ್ನುವಂತೆ ನೆಲವನ್ನು ಎರಡು ಸಲ ಕೈಯಿಂದ ಸವರಿ, ಶುರುಮಾಡಿದಳು.

*ಎದ್ದು ಬಾರವ್ವ ಕುಸುಮಿ, ಇತ್ಲಲ್ಲಿ ಬಿಸ್ಲು ಬಂದದ*
*ಎಮ್ಮೆಕರ ಕಟ್ಟಿಲ್ಲ, ಏನಂತ ಮಲ್ಗಿದ್ದೀಯ*
*ಬಾಗಿಲ್ಗ ಬಂದೋರು ಬರಿಬಾಯಲ್ಲಿ ನಿಂತವ್ರೆ*
*ನೀರಿನ ಚೊಂಬ ಎಲ್ಲಿಟ್ಟೆ, ನನ್ ಕೂಸೆ*

ಚನ್ನಬಸವ ಹೆಬ್ಬೆರಳು ಎತ್ತಿದ. ಶಾಂತಮೂರ್ತಿ ಕಣ್ಣು ಮುಚ್ಚಿ, “ಹಾ... ಹಾ...” ಅಂದ, ಬಿಸಿ ಬೋಂಡ ಬಾಯಿಗಿಟ್ಟವನ ಹಾಗೆ.

ಎಂಟು ನಿಮಿಷಕ್ಕೆ ಕೆಂಪಾಜಮ್ಮ ಒಂದು ಸಲ ಗಾಜಿನ ಕಡೆ ನೋಡಿದಳು. ಹನ್ನೆರಡಕ್ಕೆ ಇನ್ನೊಂದು ಸಲ. ಕುಸುಮಿಯ ಚಿಕ್ಕಂದಿನ ಕಥೆ ಮುಗಿದು, ಮದುವೆ ಬಂದು, ಕವಿತ ಹುಟ್ಟಿದ್ದು ಬಂತು. ಹುಟ್ಟಿದ ಮಗು ಅಳದೆ ಎಲ್ಲರನ್ನೂ ಹೆದರಿಸಿದ್ದು ಬಂತು. ಕವಿತ ಶಾಂತಮೂರ್ತಿಯ ಹತ್ತಿರ ಹೋದಳು.

“ಸಾ, ಅದು ತಾನಾಗೇ ನಿಲ್ಸಕ್ಕಿಲ್ಲ. ನಾನ್ ಒಳಗ್ ಓಗಿ ಸಾಕು ಅನ್ಬೇಕು ಸಾ.”

“ಶ್!”

“ಅನ್ನೋಗಂಟ ಆಡ್ತಾನೇ ಇರ್ತದೆ ಸಾ.”

“ಅದೇ ಬೇಕಿರದು ಕಣೇ!” ಪಿಸುಮಾತಿನಲ್ಲೇ ಅವನು ಕುಣಿದ. “ಇನ್ನೂ ವಾರ್ಮಪ್ಪು. ಇನ್ನೊಸಿ ದನಿ ಒಡೀಲಿ. ಆಗ ಬತ್ತದೆ ನೋಡು ಒರಿಜಿನಲ್ಲು.”

ದನಿ ಒಡೆಯಿತು. ಅರ್ಧ ಗಂಟೆಯ ಹೊತ್ತಿಗೆ ಮೇಲಿನ ಸ್ವರ ಹೋಯಿತು. ಆಮೇಲೆ ನಡುವಿನದು. ಕುಸುಮಿಗೆ ಹೇಳುವುದೆಲ್ಲ ಮುಗಿದಿತ್ತು. ಕೆಂಪಾಜಮ್ಮ ಈಗ ಅವಳಿಗಿಂತ ಹಿಂದೆ ಹೋದವರನ್ನು ಕರೆಯುತ್ತಿದ್ದಳು. ಗಂಡನನ್ನು ಕರೆದಳು. ಹೆಸರಿಡುವ ಮೊದಲೇ ಹೋದ ಗಂಡುಕೂಸನ್ನು ಕೂಸೇ ಎಂದು ಕರೆದಳು. ಪ್ರತಿ ಸಾಲಿನ ಕೊನೆಗೂ ಗಾಜನ್ನು ನೋಡಿದಳು. ಅದರಲ್ಲಿ ಸೆರಗು ಹೊದ್ದ ಒಬ್ಬ ಮುದುಕಿ ಮಾತ್ರ ಅವಳಿಗೆ ಕಂಡಿರಬೇಕು. ಶೃತಿ ಅಳುತ್ತಿದ್ದಳು, ಫೋನಿನ ಕ್ಯಾಮೆರಾವನ್ನು ತನ್ನ ಕಡೆಗೇ ತಿರುಗಿಸಿಕೊಂಡಿದ್ದಳು.

ಕವಿತಳ ಕೈ ಬಾಗಿಲ ಹಿಡಿಯ ಮೇಲಿತ್ತು. ಸ್ಟೀಲಿನ ಹಿಡಿ, ತಣ್ಣಗಿತ್ತು, ಕೆಳಕ್ಕೆ ಒತ್ತಿದರೆ ಸಾಕಿತ್ತು. ಅವಳು ಒತ್ತಲಿಲ್ಲ. ಕೆಂಪು ಬಲ್ಬು ಉರಿಯುತ್ತಿದ್ದಾಗ ಆ ಬಾಗಿಲು ತೆಗೆದವರಿಗೆ ಶಾಂತಮೂರ್ತಿ ಏನನ್ನುತ್ತಿದ್ದನೆಂದು ಅವಳು ಕೇಳಿದ್ದಳು. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯದು ಮುಗಿದ ಮೇಲೆ ತನ್ನದು ಎಂದು ಅವನು ಬೆಳಗ್ಗೆ ಹೇಳಿದ್ದ. ನಾಲ್ಕು ಸಾಲು. ಅದಕ್ಕಾಗಿ ಅವಳು ಕೂಡ ತಲೆಗೆ ಎಣ್ಣೆ ಹಚ್ಚಿ ಬಂದಿದ್ದಳು. ಅವನು ಸಿಟ್ಟಾದರೆ? ಇನ್ನೊಂದು ನಿಮಿಷ ಅಂದುಕೊಂಡಳು. ಆ ಇನ್ನೊಂದು ನಿಮಿಷವನ್ನು ಎಷ್ಟೋ ಸಲ ಅಂದುಕೊಂಡಳು.

ರೆಕಾರ್ಡಿಂಗ್ ನಿಲ್ಲಿಸಿದ್ದು ಕರೆಂಟು. ನಲವತ್ತಮೂರನೆಯ ನಿಮಿಷಕ್ಕೆ ಎಸಿ ನಿಂತಿತು, ಬಲ್ಬು ಆರಿತು, ಯುಪಿಎಸ್ಸು ಕುಂಯ್‌ಗುಟ್ಟತೊಡಗಿತು. ಕವಿತ ಬಾಗಿಲು ತೆಗೆದಳು. ಕತ್ತಲಲ್ಲಿ ಕೆಂಪಾಜಮ್ಮ ಇನ್ನೂ ಹಾಡುತ್ತಿದ್ದಳು, ಅಥವಾ ಅವಳ ಬಾಯಿ ಆಡುತ್ತಿತ್ತು. ಬಟ್ಟೆ ಹರಿದಂಥ ಸದ್ದೊಂದು ಬರುತ್ತಿತ್ತು. ಕವಿತ ತಡಕಾಡಿ ಭುಜ ಹುಡುಕಿ, ಹೇಳಬೇಕಾದದ್ದನ್ನು ಹೇಳಿದಳು.

“ಸೂಪರ್ ಅಜ್ಜಿ!” ಹಿಂದಿನಿಂದ ಶಾಂತಮೂರ್ತಿ ಮೊಬೈಲ್ ಟಾರ್ಚು ಬಿಟ್ಟ. “ಕವಿತ, ನಿನ್ ಲೈನ್ ಇನ್ನೊಂದಿನ ಮಾಡನ, ಕರೆಂಟಿಲ್ಲ.”

ಬಸ್ ಸ್ಟ್ಯಾಂಡಿನಲ್ಲಿ ಕೆಂಪಾಜಮ್ಮ ಬೈಯಲಿಲ್ಲ. ಬೈಯಲು ದನಿಯೂ ಇರಲಿಲ್ಲ. ಕವಿತ ಕೊಡಿಸಿದ ಸೋಡಾ ಕುಡಿದು, ಬಾಟಲಿಯನ್ನು ಅಂಗಡಿಯವನಿಗೆ ತಾನೇ ಹಿಂದಿರುಗಿಸಿ, ಹನೂರು ಬಸ್ಸು ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ. ವಾರವಾದರೂ ಗಂಟಲು ತೆರೆಯದಾಗ ಹನೂರಿನ ಡಾಕ್ಟರು ಟಾರ್ಚು ಹಾಕಿ ನೋಡಿ, ಒಂದು ತಿಂಗಳು ಮಾತಾಡಬೇಡಿ ಅಂದರು. ತಿಂಗಳಾದ ಮೇಲೂ ಗಾಳಿಯಷ್ಟೇ ಬಂತು.

*

‘ಬೂದಿಯ ಬೇರು’ ಬಿಡುಗಡೆಯಾಗುವ ಮೊದಲು ಗುಂಡಾಲ್ ಪ್ರಾಜೆಕ್ಟಿನವರು ಮಹಡಿಯ ಮೇಲೆ ಹದಿನಾಲ್ಕು ಜನರನ್ನು ಕೂರಿಸಿ ಆಲ್ಬಮ್ ಕೇಳಿಸಿದರು. ಅದಕ್ಕೆ ಲಿಸನಿಂಗ್ ಸೆಷನ್ ಅಂತ ಹೆಸರು. ಕವಿತ ಬಿಸಿಬೇಳೆಬಾತು ಬಡಿಸಿದಳು. ಶಾಂತಮೂರ್ತಿ ಕೈಮಗ್ಗದ ಜುಬ್ಬಾ ಹಾಕಿಕೊಂಡು, ಈ ಆಲ್ಬಮ್ಮು ನಮ್ಮ ನೆಲದ ನೋವಿನಿಂದ ತಾನಾಗಿ ಹುಟ್ಟಿಬಂತು, ನಾವು ನೆಪ ಮಾತ್ರ ಅಂದ. ಅಷ್ಟು ವಿನಯವನ್ನು ಅವನಿಂದ ಯಾರೂ ಕೇಳಿರಲಿಲ್ಲ.

ಮೂರನೇ ಟ್ರ್ಯಾಕು ಬಂದಾಗ ಎಲ್ಲರೂ ಚಮಚ ಕೆಳಗಿಟ್ಟರು. ನಲವತ್ತಮೂರು ನಿಮಿಷದಲ್ಲಿ ನಾಲ್ಕೂವರೆ ಉಳಿದಿತ್ತು. ಮೊದಲ ನಾಲ್ಕು ಸಾಲು, ಆಮೇಲೆ ಕೊನೆಯ ಆ ಹರಿದ ಸದ್ದು, ಅದರ ಕೆಳಗೆ ಡ್ರಮ್ಮು, ಮೇಲೆ ಶೃತಿಯ ಆಲಾಪ. ಕೊನೆಯನ್ನು ತಂದು ಮೊದಲಿಗೇ ಸೇರಿಸಿದ್ದರು. ರಿಪೀಟಿಗೆ ಹಾಕಿದರೆ, ಯಾರಾದರೂ ನಿಲ್ಲಿಸುವವರೆಗೂ ಅದು ತಿರುಗುತ್ತಲೇ ಇರುತ್ತಿತ್ತು. ‘ಈ ಹಾಡಿಗೆ ಅಂತ್ಯವಿಲ್ಲ’ ಎಂದು ಹಾಡಿನ ಹೆಸರಿನ ಕೆಳಗೆ ಬರೆದಿದ್ದರು. ಅದು ತನ್ನದೇ ಹೊಳಹೆಂದು ಚನ್ನಬಸವ ಪಕ್ಕದವನಿಗೆ ವಿವರಿಸುತ್ತಿದ್ದ. ಮುಂಚೆಯೇ ಲಿಂಕು ಕಳಿಸಿದ್ದರಿಂದ ಯಳಂದೂರಿನ ಹುಡುಗರು ಕೂಡ ಕೇಳಿ, ‘ಮಚ್ಚಾ, ಮೂರನೇದು ಬೆಂಕಿ’ ಎಂದು ಮೆಸೇಜು ಕಳಿಸಿದ್ದರು.

ಐದನೇ ಟ್ರ್ಯಾಕಿನಲ್ಲಿ ಬೂದಿಯೊಳಗಿನ ಬೇರು ಬಂತು. ಶೃತಿಯ ದನಿಯಲ್ಲಿ ಬಂತು. ಕವಿತಳಿಂದ ಒಂದು ಮಧ್ಯಾಹ್ನ ಹತ್ತೇ ನಿಮಿಷದಲ್ಲಿ ಹಾಡಿಸಿದ್ದರು. ಅದು ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ. ಹೆಸರುಗಳು ಬರುವಾಗ ಮಾತ್ರ, ಬಾತಿನ ಪಾತ್ರೆ ಹಿಡಿದುಕೊಂಡೇ, ಶಾಂತಮೂರ್ತಿಯ ಪಕ್ಕಕ್ಕೆ ಹೋದಳು. ಪರದೆಯ ಮೇಲೆ ‘ದನಿ: ಕಾಡಂಚಿನ ಅನಾಮಿಕ ಅಜ್ಜಿ’ ಅಂತ ಇತ್ತು.

“ಸಾ, ಅಜ್ಜಿ ಎಸ್ರು ಕೆಂಪಾಜಮ್ಮ.”

“ಗೊತ್ತು ಕಣವ್ವ,” ಅಂದ ಅವನು, ಚಪ್ಪಾಳೆ ತಟ್ಟುತ್ತಿದ್ದವರ ಕಡೆ ಕೈಮುಗಿಯುತ್ತಲೇ. “ಎಸ್ರು ಆಕುದ್ರೆ ಮಿಸ್ಟರಿ ಒಂಟೋಯ್ತದೆ. ಅಲ್ಲಿ ಆ ಸಾರ್‌ಗೆ ಖಾರಬೂಂದಿ ಆಕು.”

ಕವಿತ ಖಾರಬೂಂದಿ ಹಾಕಿದಳು.

*

ಆಲ್ಬಮ್ ಬಂದ ಮೂರನೆಯ ವಾರ, ಅಜ್ಜೀಪುರದ ಮಹದೇವಯ್ಯ ತೀರಿಕೊಂಡ. ಎಂಬತ್ತು ದಾಟಿದ ಮುದುಕ, ಕೆಂಪಾಜಮ್ಮನ ಓಣಿಯವನೇ. ಕವಿತ ಅರ್ಧ ದಿನ ರಜ ಕೇಳಿಕೊಂಡು ಬಂದಳು. ಬಿಸಿಲು ನೆತ್ತಿಗೆ ಬಂದಿತ್ತು. ಮನೆಯ ಮುಂದೆ ಶಾಮಿಯಾನದ ಕೆಳಗೆ ಹೆಣವನ್ನು ಕೂರಿಸಿದ್ದರು. ಹೆಂಗಸರ ನಡುವೆ, ಹೆಣದ ಎಡಗಡೆ, ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟಿದ್ದರು. ಕರೆಯಲು ಹೋದವರಿಗೆ ಕೆಂಪಾಜಮ್ಮ ಗಂಟಲು ಮುಟ್ಟಿ ತೋರಿಸಿದ್ದಳಂತೆ. ಸುಮ್ಕ ಬಂದು ಕೂತ್ಕೊ, ಜಾಗ ಖಾಲಿ ಬುಡಬಾರ್ದು ಎಂದು ಕರೆತಂದಿದ್ದರು. ಅವಳು ಕೂತಿದ್ದಳು. ಕೈ ಮಾತ್ರ ಅಭ್ಯಾಸದಂತೆ ನೆಲ ಸವರುತ್ತಿತ್ತು.

ಹಾಡಿಲ್ಲದ ಸಾವಿನ ಮನೆ ಹೇಗಿರುತ್ತದೆಂದು ಆ ಊರಿಗೆ ಗೊತ್ತಿರಲಿಲ್ಲ. ಜನ ಕೆಮ್ಮಿದರು. ಒಬ್ಬ ಜೋಳದ ರೇಟಿನ ಮಾತೆತ್ತಿದ. ಆಗ ಶಾಮಿಯಾನ ಹಾಕಿದ್ದ ರಂಗನಾಥ ತನ್ನ ಟೆಂಪೋದಿಂದ ಎರಡು ಸೌಂಡ್ ಬಾಕ್ಸು ಇಳಿಸಿದ.

“ಯಾಕ ಯೋಚ್ನೆ ಮಾಡೀರಿ? ನಮ್ಮ ಕೆಂಪಾಜವ್ವಂದೇ ಬಂದಿಲ್ವಾ ಮೊಬೈಲಲ್ಲಿ,” ಅಂದ. “ಕೊಳ್ಳೇಗಾಲದಲ್ಲೆಲ್ಲ ಇದೇ ಈಗ. ಎಷ್ಟ್ ಜನ ಕೇಳವ್ರೆ ಗೊತ್ತಾ? ಅಜ್ಜೀನೂ ಐತೆ, ಆಡೂ ಐತೆ. ಇನ್ನೇನ್ ಬೇಕು?”

“ಆಕ್ಲಾ ಮತ್ತ,” ಅಂದರು ಯಾರೋ.

ಡ್ರಮ್ಮಿನ ಏಟಿಗೆ ಶಾಮಿಯಾನದ ಗಳ ಅದುರಿತು. *ಎದ್ದು ಬಾರವ್ವ ಕುಸುಮಿ* ಎಂದಿತು ಪೆಟ್ಟಿಗೆ. ಮಹದೇವಯ್ಯನ ಹೆಣದ ಮುಂದೆ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ದನಿ ಅವರಿಗೆ ಗೊತ್ತಿದ್ದ ದನಿ. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಇನ್ನೊಬ್ಬಳು ಶುರುಮಾಡಿದಳು. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಕುಸುಮಿಯ ಎಮ್ಮೆಕರುವಿಗೆ, ನೀರಿನ ಚೊಂಬಿಗೆ ಅಳುತ್ತಿದ್ದರು. ಹಾಡು ಕೊನೆಗೆ ಬಂದು, ಹರಿದು, ಮತ್ತೆ ಮೊದಲಿಗೆ ಹೋಯಿತು. ಕೆಂಪಾಜಮ್ಮನ ಕೈ ನೆಲ ಸವರುವುದನ್ನು ನಿಲ್ಲಿಸಿತ್ತು. ಕವಿತ ಗಳದ ಪಕ್ಕ ನಿಂತು ಅಜ್ಜಿಯನ್ನು ನೋಡುತ್ತಿದ್ದಳು. ಅಜ್ಜಿ ಅವಳನ್ನು ನೋಡಲಿಲ್ಲ. ರಂಗನಾಥ ಹಾಡನ್ನು ರಿಪೀಟಿಗೆ ಹಾಕಿಟ್ಟು ಟೆಂಪೋದ ನೆರಳಿನಲ್ಲಿ ಊಟಕ್ಕೆ ಕೂತಿದ್ದ.

ಆರನೆಯ ಸಲವೋ ಏಳನೆಯ ಸಲವೋ ಹಾಡು ಮೊದಲಿಗೆ ಬಂದಾಗ, ಮಹದೇವಯ್ಯನ ದೊಡ್ಡ ಮಗಳು ಎದ್ದಳು. ಹೆಣ ಎತ್ತುವ ಹೊತ್ತಾಗಿತ್ತು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು, ಬಗ್ಗಿ, ಕೆಂಪಾಜಮ್ಮನ ಭುಜದ ಮೇಲೆ ಕೈಯಿಟ್ಟಳು.

“ಸಾಕು ಬುಡವ್ವ,” ಅಂದಳು.

ಪೆಟ್ಟಿಗೆ ಕುಸುಮಿಯನ್ನು ಕರೆಯುತ್ತಲೇ ಇತ್ತು. ಕೆಂಪಾಜಮ್ಮ ಮುಖ ಮೇಲೆತ್ತಿ ಆ ಹೆಂಗಸನ್ನು ನೋಡಿದಳು. ತುಟಿಗಳು ಆಡಿದವು. ಬಗ್ಗಿ ನಿಂತವಳು ಕಿವಿಯನ್ನು ಇನ್ನಷ್ಟು ಹತ್ತಿರ ತಂದಳು.

“ನಂಗಲ್ಲ ಕಣವ್ವ,” ಅಂದಳು ಕೆಂಪಾಜಮ್ಮ. “ಅದ್ಕ ಒಸಿ ಅನ್ನು.”